ಅರ್ಧ ಕೆಜಿಯ ಮೇಲೊಂದು ಹಿಡಿ

ಚಿಕ್ಕಗೌರಮ್ಮನ ಕೈ ದೊಡ್ಡದು. ಬಿಳಿಗೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಇದೇ ಮಾತು ಹೇಳುತ್ತಾರೆ. ಅವಳ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕೇಳಿದರೆ ಚೊಂಬು ತುಂಬ ಬರುತ್ತದೆ. ಎರಡು ನಿಂಬೆಹಣ್ಣು ಕೇಳಿದರೆ ಮಡಿಲು ತುಂಬ ಬರುತ್ತದೆ. ಹಾಗಂತ ಅವಳೇನೂ ಸಾಹುಕಾರಳಲ್ಲ. ಇರುವುದು ಒಂದಷ್ಟು ತೆಂಗಿನ ಮರ, ಎರಡು ಸೀಮೆಹಸು, ಮತ್ತೆ ಐವತ್ತೆಂಟು ವರ್ಷ ಬದುಕಿ ಸಂಪಾದಿಸಿದ ಈ ಹೆಸರು. ಅಂಥವಳ ಕೈಗೆ ತಿಪಟೂರಿನ ಸಂತೆ ಮೈದಾನದಲ್ಲಿ, ಒಂದು ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ, ಒಂದು ಚೀಟಿ ಬಂತು.

"ಬಿಳಿಗೆರೆ ಮಹಿಳಾ ತಂಡ. ಕೊಬ್ಬರಿ ತುರಿ, ಅರ್ಧ ಕೆಜಿ ಚೀಲ. ತೂಕದಲ್ಲಿ ವ್ಯತ್ಯಾಸ ಕಂಡುಬಂದಿದೆ. ಮುದ್ರೆ ತಡೆಹಿಡಿಯಲಾಗಿದೆ."

ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೊಮ್ಮೆ ಓದಿದಳು. ಹಿಂದೆ ಏನಾದರೂ ಬರೆದಿದೆಯೋ ಎಂದು ಚೀಟಿ ತಿರುಗಿಸಿ ನೋಡಿದಳು. ಖಾಲಿ. ಅದನ್ನು ತಂದುಕೊಟ್ಟ, ಸಂತೆ ನಡೆಸುವವರ ಪೈಕಿಯ ರಿಟೈರಾದ ಮೇಷ್ಟ್ರನ್ನು ಕೇಳೋಣವೆಂದರೆ ಆ ಪುಣ್ಯಾತ್ಮ ಆಗಲೇ ಪಕ್ಕದ ಮಳಿಗೆಗೆ ಹೋಗಿ ಜೇನುತುಪ್ಪದ ರುಚಿ ನೋಡುತ್ತಿದ್ದರು.

"ನಸೀಮಾ, ಇದ್ನ ನೀನೊಂದ್ಸಾರಿ ಓದು. ನಂಗ್ಯಾಕೋ ತಲೆಗೆ ಹೋಯ್ತಿಲ್ಲ."

ನಸೀಮ್ ಬಾನು ತಿಪಟೂರಿನವಳು, ಟೈಲರು. ಚಿಕ್ಕಗೌರಮ್ಮ ಮುಂದೆ ನಿಂತು ನಡೆಸುವ ತಂಡಕ್ಕೆ ಬಟ್ಟೆಯ ಚೀಲ ಹೊಲಿಯುವುದು, ತುರಿ ತುಂಬಿದ ಮೇಲೆ ಅದರ ಬಾಯಿ ಹೊಲಿಯುವುದು ಎರಡೂ ಅವಳದೇ ಕೆಲಸ. ಸಂತೆಯಲ್ಲಿ ಬೇಕಾಗಬಹುದೆಂದು ಹೊಲಿಗೆ ಮೆಷಿನ್ನನ್ನೂ ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ಅವಳು ಚೀಟಿ ಓದಿ ಹುಬ್ಬು ಗಂಟಿಕ್ಕಿದಳು.

"ವ್ಯತ್ಯಾಸ ಅಂದ್ರೆ ಕಮ್ಮಿ ಬಂದಿದೆ ಅಂತ ತಾನೇ, ಗೌರಕ್ಕ?"

"ಕಮ್ಮಿ ಹೆಂಗಾಯ್ತದೆ? ನಾನೇ ಮುಂದೆ ನಿಂತು ತೂಗ್ಸಿದೀನಿ. ಅದರ ಮೇಲೆ ಒಂದೊಂದು ಹಿಡಿ ಕೊಸರು ಹಾಕಿದೀನಿ!"

ಕೊಸರಿನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಡೆ ತೂಕ ಮುಗಿದ ಮಾತ್ರಕ್ಕೆ ವ್ಯಾಪಾರ ಮುಗಿಯುವುದಿಲ್ಲ. ಕೊಂಡವಳು ಚೀಲದ ಬಾಯಿ ಹಿಡಿದುಕೊಂಡೇ ನಿಂತಿರುತ್ತಾಳೆ. ಮಾರುವವನು ಇನ್ನೊಂದು ಹಿಡಿ ಹಾಕಬೇಕು, ಆಮೇಲೇ ಅವಳು ಹೆಜ್ಜೆ ಕೀಳುವುದು. ತೂಕದಲ್ಲಿ ಅಷ್ಟಿಷ್ಟು ಹೊಡೆದವನನ್ನಾದರೂ ಜನ ಕ್ಷಮಿಸಿಯಾರು, ಕೊಸರು ಹಾಕದವನನ್ನು ಮಾತ್ರ ಏಳು ಊರಿಗೆ ಹೇಳಿಕೊಂಡು ಬರುತ್ತಾರೆ. ಆದರೆ ಈ ಸಂತೆಯ ಮಾಲಿಗೆ ಚೀಲದ ಬಾಯಿ ಮೊದಲೇ ಹೊಲಿದಿರಬೇಕೆಂದು ನಿಯಮ. ಬಾಯಿ ಹೊಲಿದ ಚೀಲಕ್ಕೆ ಕೊಸರು ಹಾಕುವುದು ಹೇಗೆ? ಚಿಕ್ಕಗೌರಮ್ಮ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಹೊಲಿಯುವ ಮೊದಲೇ, ತೂಕ ಆದ ಮೇಲೆ, ಒಂದೊಂದು ಚೀಲಕ್ಕೂ ತನ್ನ ಕೈಯಾರೆ ಒಂದೊಂದು ಹಿಡಿ ಹಾಕಿಬಿಟ್ಟಿದ್ದಳು. ನೂರ ತೊಂಬತ್ತು ಚೀಲ, ನೂರ ತೊಂಬತ್ತು ಹಿಡಿ.

ಅಷ್ಟಾಗಿಯೂ ಕಡಿಮೆ ಬಂದಿದೆಯೆಂದರೆ ಏನರ್ಥ? ಊರಲ್ಲಿ ತುರಿ ಮಾಡುವ ಶೆಡ್ಡಿನ ತೂಕದ ಮೆಷಿನ್ ಕೆಟ್ಟಿದೆಯೋ? ಇಲಿ ಹೊಕ್ಕಿತೋ? ತುರಿ ಒಣಗಿ ಹಗುರವಾಯಿತೋ? ಒಂದೂ ಹೊಂದಲಿಲ್ಲ. ಒಂದು ಕ್ಷಣ ನಸೀಮಳ ಕಡೆ ನೋಡಿ, ಇವಳೇನಾದರೂ... ಎಂದುಕೊಂಡು, ಹಾಗೆಂದುಕೊಂಡದ್ದಕ್ಕೆ ತಾನೇ ನಾಚಿ, ಕತ್ತು ತಿರುಗಿಸಿದಳು.

"ನನ್ ಮುಖ ಯಾಕೆ ನೋಡ್ತೀರಾ ಅಕ್ಕ? ನಾನು ಬ್ಲೌಸ್ ಹೊಲಿದ್ರೆ ಉಳಿದ ಚೂರು ಬಟ್ಟೆನೂ ವಾಪಸ್ ಕೊಡೋಳು."

"ಅಯ್ಯೋ, ನಾನೇನಂದೆ ಈಗ? ಸುಮ್ನೆ ನೋಡ್ದೆ ಕಣೇ."

ಮಳಿಗೆಯ ಹಿಂದುಗಡೆ ಚಾಪೆಯ ಮೇಲೆ ಗಿರಿಜಾಂಬಿಕಾ ಚೀಲಗಳನ್ನು ಜೋಡಿಸುತ್ತಿದ್ದಳು. ತಂಡದ ಹನ್ನೊಂದು ಹೆಂಗಸರಲ್ಲಿ ಅವಳೇ ಚಿಕ್ಕವಳು, ಮಾತು ಕಡಿಮೆ. ಗಂಡ ಲಗೇಜ್ ಆಟೋ ಓಡಿಸುತ್ತಾನೆ. ತೆಂಗಿನ ಸೀಮೆಯಲ್ಲಿದ್ದೂ ಅವರಿಗೆ ಸ್ವಂತದ್ದೊಂದು ಮರವಿಲ್ಲ. ಚೀಟಿಯ ವಿಷಯ ಕೇಳಿ ಅವಳ ಕೈ ನಿಂತಿತು, ಮತ್ತೆ ಕೆಲಸಕ್ಕೆ ಹತ್ತಿತು.

ಸಂತೆಯ ಹೆಸರೇ ನ್ಯಾಯದ ಸಂತೆ. ಊರಿನ ನಾಲ್ಕಾರು ಮೇಷ್ಟ್ರುಗಳು, ಇಬ್ಬರು ಡಾಕ್ಟರು, ಒಂದಷ್ಟು ರೈತರು ಸೇರಿ ಎರಡು ವರ್ಷದಿಂದ ನಡೆಸುತ್ತಿದ್ದಾರೆ. ಅಲ್ಲಿ ಪ್ಲಾಸ್ಟಿಕ್ ಇಲ್ಲ, ಚೌಕಾಸಿ ಇಲ್ಲ, ಗಂಧಕದ ಹೊಗೆ ಕೊಟ್ಟು ಬೆಳ್ಳಗೆ ಮಾಡಿದ ಮಾಲಿಲ್ಲ. ಊಟ ಮುತ್ತುಗದ ಎಲೆಯಲ್ಲಿ, ಕಾಫಿ ಕರಟದ ಲೋಟದಲ್ಲಿ. ಎಲ್ಲ ಪರೀಕ್ಷೆ ಮುಗಿಸಿದ ಮಾಲಿಗೆ ಒಂದು ಹಸಿರು ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದರೆ ಮೈಸೂರು, ಹಾಸನದ ಅಂಗಡಿಯವರು ವರ್ಷಪೂರ್ತಿ ಮಾಲು ಕೊಳ್ಳುವುದಾಗಿ ಅದೇ ದಿನ ಮಾತು ಕೊಡುತ್ತಾರೆ. ಮುದ್ರೆ ಬೀಳದಿದ್ದರೆ ಬಿಳಿಗೆರೆಯ ಶೆಡ್ಡಿಗೆ ಬೀಗವೇ ಗತಿ, ಹನ್ನೊಂದು ಹೆಂಗಸರೂ ಮತ್ತೆ ಮಂಡಿಯಲ್ಲಿ ಕೊಬ್ಬರಿ ಸುಲಿಯುವ ಕೂಲಿಗೆ ಹೋಗಬೇಕು. ಇದು ಎಲ್ಲರಿಗೂ ಗೊತ್ತಿತ್ತು.

ಇಷ್ಟರಲ್ಲಿ ಮೈಕು ಕೆಮ್ಮಿತು.

"ಬಿಳಿಗೆರೆ ತಂಡದವರು ದಯವಿಟ್ಟು ಕಚೇರಿಗೆ ಬರಬೇಕು. ನಿಮ್ಮ ತೂಕ ಸರಿಪಡಿಸಬೇಕಾಗಿದೆ. ಬಿಳಿಗೆರೆ ತಂಡ, ತೂಕದ ವಿಷಯ."

ಮೈಕಿನಲ್ಲಿ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ಆದರೆ ಮೈದಾನದಲ್ಲಿದ್ದ ಸಾವಿರ ತಲೆಯೂ ಒಟ್ಟಿಗೆ ಈ ಮಳಿಗೆಯ ಕಡೆ ತಿರುಗಿದವು. ಚಿಕ್ಕಗೌರಮ್ಮನ ಕಿವಿ ಕಾದುಹೋಯಿತು. ಐವತ್ತೆಂಟು ವರ್ಷದಲ್ಲಿ ಅವಳ ಹೆಸರಿನ ಜೊತೆ ತೂಕ ಎನ್ನುವ ಮಾತನ್ನು ಯಾರೂ ಹೀಗೆ ಕೂಗಿರಲಿಲ್ಲ.

ಮೊದಲು ಬಂದವನು ಹುಚ್ಚರಂಗಯ್ಯ. ಬಿಳಿಗೆರೆಯಲ್ಲಿ ಇವನದೊಂದು ದಿನಸಿ ಅಂಗಡಿ. ಕೊಳ್ಳಲು ಬಂದವನಲ್ಲ, ನೋಡಲು ಬಂದವನು. ಕೈಯಲ್ಲಿ ಕರಟದ ಲೋಟ.

"ಇಷ್ಟು ದಿನ ಕೈಗೆ ಚಿಪ್ಪು ಕೊಟ್ರು ಅಂತ ಬೈಕೊಂಡು ತಿರುಗ್ತಿದ್ವಿ. ಇಲ್ಲಿ ಕಾಸು ಕೊಟ್ಟು ಚಿಪ್ಪು ಹಿಡ್ಕಬೇಕು ಕಣವ್ವ!" ಎಂದು ನಕ್ಕು, ಆಮೇಲೆ ದನಿ ತಗ್ಗಿಸಿದ. "ಅದಿರ್ಲಿ, ಏನಂತೆ ಗೌರವ್ವ? ತೂಕ ಹೊಡ್ದ್ರಂತೆ?"

"ಯಾರಂದೋರು?"

"ಮೈಕೇ ಅಂತಲ್ಲವ್ವ. ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ, ನನ್ನ ತೂಕದ ವಿಷ್ಯ ಒಂದಿನಾನಾದ್ರೂ ಮೈಕಲ್ಲಿ ಬಂದೈತಾ?"

"ನಿನ್ನ ತೂಕದ ವಿಷ್ಯ ಮೈಕಿಗೆ ಹಾಕೋಕೆ ಹೋದ್ರೆ ಒಂದಿನ ಸಾಲಲ್ಲ ಕಣೋ ರಂಗ, ಅದಕ್ಕೇ ಹಾಕಿಲ್ಲ," ಎಂದಳು. ಸುತ್ತ ನಿಂತವರು ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ.

ಅವನ ಬೆನ್ನಿಗೇ, ಬೆಳಿಗ್ಗೆ ಎರಡು ಚೀಲ ಕೊಂಡಿದ್ದ ಪೇಟೆಯ ಹೆಂಗಸೊಬ್ಬಳು ಬಂದು ಎರಡನ್ನೂ ಹಲಗೆಯ ಮೇಲೆ ಕುಕ್ಕಿದಳು.

"ದುಡ್ಡು ವಾಪಸ್ ಕೊಡಿ."

"ಯಾಕವ್ವ? ತೂಗಿ ತೋರಿಸ್ತೀನಿ, ಬಾ."

"ನಿಮ್ಮ ತೂಕಾನೇ ಸರಿಯಿಲ್ಲ ಅಂತ ಮೈಕಲ್ಲಿ ಹೇಳ್ತಾವ್ರೆ, ನಿಮ್ಮ ಮೆಷಿನ್ನಲ್ಲೇ ತೂಗಿ ತೋರಿಸ್ತೀರಾ? ಚೆನ್ನಾಗಿದೆ ನ್ಯಾಯ!"

ಚಿಕ್ಕಗೌರಮ್ಮ ದುಡ್ಡಿನ ಡಬ್ಬಿ ತೆರೆದಳು. ದುಡ್ಡು ಕೊಟ್ಟು ಕಳಿಸಿದಳು. ಕಚೇರಿಗೆ ಹೊರಡಬೇಕು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗಂಡ ದೊಡ್ಡಣ್ಣ. ತೋಟದಲ್ಲಿ ನೀರು ಕಟ್ಟುತ್ತಿರಬೇಕಾದ ಮನುಷ್ಯ.

"ಏನೇ ಅದು? ಕಿಬ್ಬನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಮಾತಾಡ್ಕತಾವ್ರಂತೆ, ಬಿಳಿಗೆರೆ ಹೆಂಗಸ್ರು ತೂಕ ಹೊಡ್ದು ಸಿಕ್ಕಾಕಂಡ್ರು ಅಂತ. ಅಲ್ಲಿಂದ ಮರುಳಪ್ಪ ಈಗ ಫೋನ್ ಮಾಡಿದ್ದ."

"ಕಿಬ್ಬನಹಳ್ಳಿಗೆ ಆಗ್ಲೇ ಹೋಯ್ತಾ!"

"ನೀನು ಹೆಚ್ಚಿಗೆ ಸುರಿಯೋಳು, ಕಮ್ಮಿ ಹೆಂಗಾಯ್ತೇ?"

"ಅದೇ ನಂಗೂ ಗೊತ್ತಾಯ್ತಿಲ್ಲ. ಇಡ್ರೀ ಫೋನು, ಹೋಗಿ ಕೇಳ್ಕಂಡ್ ಬತ್ತೀನಿ."

ಕಚೇರಿಯೆಂದರೆ ಒಂದು ಶಾಮಿಯಾನ, ಒಂದು ಮೇಜು, ಒಂದು ತೂಕದ ಮೆಷಿನ್. ಬಿಳಿಗೆರೆಯ ಹತ್ತು ಚೀಲಗಳು ಬಾಯಿ ಬಿಚ್ಚಿಕೊಂಡು ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಅವುಗಳ ಹಿಂದೆ ಯೋಗಿತಾ. ಹಂದನಕೆರೆಯ ರೈತರ ಮಗಳು, ಇಡೀ ಸಂತೆಯ ಓಡಾಟ ಅವಳ ತಲೆಯ ಮೇಲೇ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಬನ್ನಿ ಅಮ್ಮ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ ಕಣವ್ವ. ಎಷ್ಟು ಕಮ್ಮಿ ಬಂದೈತೆ ಅದೇಳು ಮೊದ್ಲು. ಈಗ್ಲೇ ತುಂಬ್ಕೊಡ್ತೀನಿ, ಒಂದಕ್ಕೆರಡು."

"ಕಮ್ಮಿ ಬಂದಿಲ್ಲಮ್ಮ. ಹೆಚ್ಚಿಗೆ ಬಂದಿದೆ."

ಚಿಕ್ಕಗೌರಮ್ಮನಿಗೆ ಹೋದ ಜೀವ ಬಂದಂತಾಯಿತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಅಂಗನ್ನು ಮತ್ತೆ! ಹೆಚ್ಚಿಗೆ ಬಂದೇ ಬತ್ತದೆ, ಹಿಡಿ ಹಾಕಿದೀನಲ್ಲ. ನಂಗೆ ಎದೆ ಒಡ್ದೋಗಿತ್ತು. ಸರಿ, ಒತ್ತು ಮುದ್ರೆ."

"ಒತ್ತಕ್ಕಾಗಲ್ಲಮ್ಮ. ಹೆಚ್ಚಿಗೆ ಬಂದಿರೋದೇ ತೊಂದ್ರೆ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಚಿಕ್ಕಗೌರಮ್ಮ ನಕ್ಕಳು. ಯೋಗಿತಾ ನಗಲಿಲ್ಲ. ಇವಳೂ ನಿಧಾನಕ್ಕೆ ನಗು ನಿಲ್ಲಿಸಿದಳು.

"ಕೊಟ್ಟದ್ದು ಹೆಚ್ಚಾದ್ರೆ ತಪ್ಪು ಅಂತ ಯಾವ ಶಾಸ್ತ್ರದಾಗೈತವ್ವ?"

"ಒಂದ್ರಲ್ಲಿ ಮೂವತ್ತು ಗ್ರಾಂ, ಒಂದ್ರಲ್ಲಿ ಐವತ್ತು. ಚೀಲದ ಮೇಲೆ ಬರೆದಿದ್ದೊಂದು, ಒಳಗಿರೋದೊಂದು."

"ನನ್ನ ಕೈಯೇನು ಮೆಷಿನ್ನಾ? ಒಂದು ಹಿಡಿ ಹಿಂಗೆ, ಒಂದು ಹಿಡಿ ಹಂಗೆ."

ಯೋಗಿತಾ ಒಂದು ಚೀಲವನ್ನು ಅವಳ ಮುಂದಕ್ಕೆ ಸರಿಸಿದಳು. "ಅಮ್ಮ, ಕಾಯಿನ ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಸುಲ್ದು, ಚಿಪ್ಪು ಒಡ್ದು, ಕಂದು ಸಿಪ್ಪೆ ಹೆರ್ದು, ತುರಿದು ಮಾಡಿದ್ದು ಇದು. ಆ ಮೇಲಿನ ಹಿಡಿ ತುರಿದೋರು ಯಾರು?"

"ನಾವೇ. ಹನ್ನೊಂದು ಜನ."

"ಆ ಹಿಡಿಗೆ ಕೂಲಿ ಯಾರು ಕೊಟ್ರು?"

"ಕೊಸರಿಗೆ ಯಾರಾದ್ರೂ ಕೂಲಿ ಕೊಡ್ತಾರಾ? ಅದು ಕೊಸರು!"

"ಅದೇ ನಾನು ಹೇಳೋದು. ಕಮ್ಮಿ ಕೊಟ್ರೆ ಕೊಂಡೋರಿಗೆ ಮೋಸ, ಹೆಚ್ಚು ಕೊಟ್ರೆ ಮಾಡ್ದೋರಿಗೆ. ಈ ಸಂತೆ ಎರಡನ್ನೂ ತಡೆಯೋಕೇ ಮಾಡಿರೋದು. ಕೊಡಬೇಡಿ ಅನ್ನಲ್ಲ. ಹನ್ನೊಂದು ಜನಾನೂ ಒಪ್ಪಿದ್ರೆ, ಇಷ್ಟು ಅಂತ ಚೀಲದ ಮೇಲೆ ಬರೆದು ಕೊಡಿ. ಅವರನ್ನ ಕೇಳಿದ್ರಾ?"

"ಕೇಳೋದೇನವ್ವ ಅದ್ರಲ್ಲಿ?"

ಮಾತೇನೋ ಬಾಯಿಂದ ಬಂತು, ಆದರೆ ಒಳಗೆ ಎಲ್ಲೋ ಒಂದು ಹಲ್ಲಿನ ಸಂದಿಗೆ ನಾರು ಸಿಕ್ಕಿಕೊಂಡಂತಾಯಿತು. ಕೊಡುವವಳನ್ನು ಮೋಸಗಾತಿ ಅನ್ನುವ ಈ ನ್ಯಾಯ ಎಂಥ ನ್ಯಾಯ? ಈ ಹುಡುಗಿಗೆ ತಲೆ ನೆಟ್ಟಗಿದೆಯೋ ಇಲ್ಲ ತನ್ನ ತಲೆಯೇ ಕೆಟ್ಟಿದೆಯೋ? ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಅವಳ ಅತ್ತೆ ಹೇಳುತ್ತಿದ್ದದ್ದೇನೋ ನಿಜ, ಆದರೆ ಅದೇ ಅತ್ತೆ ಕೊಸರು ಹಾಕದೆ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಯಾವುದನ್ನು ಹಿಡಿಯುವುದು?

"ಈಗೇನ್ ಮಾಡಬೇಕು ಅಂತೀಯ?"

"ಮೂರು ಗಂಟೆ ಒಳಗೆ ಎಲ್ಲ ಚೀಲ ಬಿಚ್ಚಿ, ಹೆಚ್ಚಿಗೆ ಇರೋದನ್ನ ತೆಗೆದು, ಸರಿಯಾಗಿ ಅರ್ಧ ಕೆಜಿ ಮಾಡ್ಬಿಡಿ. ಇಲ್ಲೇ, ಸಂತೆ ಮೆಷಿನ್ನಲ್ಲೇ ತೂಗಬೇಕು. ಮೂರಕ್ಕೆ ಅಂಗಡಿಯವರು ಮಾತುಕತೆಗೆ ಕೂರ್ತಾರೆ."

"ಎಲ್ಲರ ಕಣ್ಣೆದುರಿಗಾ?"

"ಹೂಂ ಅಮ್ಮ. ನಿಯಮ ಎಲ್ಲರಿಗೂ ಒಂದೇ."

"ಹಂಗಾರೆ ಮೊದ್ಲು ಮೈಕಲ್ಲಿ ಹೇಳು. ಕಮ್ಮಿ ಇರ್ಲಿಲ್ಲ, ಹೆಚ್ಚಿಗೆ ಇತ್ತು ಅಂತ ಹೇಳು."

ಯೋಗಿತಾ ಆಗಲೇ ಎದ್ದು ಹೋಗಿ ಮೈಕಿನಲ್ಲಿ ಹೇಳಿದಳು, ಎರಡು ಸಲ, ಬಿಡಿಸಿ ಬಿಡಿಸಿ. "ಬಿಳಿಗೆರೆ ತಂಡದ ಚೀಲಗಳಲ್ಲಿ ತೂಕ ಕಡಿಮೆ ಇರಲಿಲ್ಲ. ಹೆಚ್ಚಾಗಿತ್ತು. ಅದನ್ನು ಸರಿಪಡಿಸುತ್ತಿದ್ದೇವೆ." ಮೈದಾನವೆಲ್ಲ ಗೊಳ್ಳೆಂದಿತು. ಹೆಚ್ಚು ಕೊಟ್ಟು ಸಿಕ್ಕಿಬಿದ್ದವರನ್ನು ಯಾರು ಕಂಡಿದ್ದಾರೆ? ಚಿಕ್ಕಗೌರಮ್ಮ ವಾಪಸ್ಸು ಬರುವಾಗ ಕಬ್ಬಿನ ಹಾಲಿನ ಮಳಿಗೆಯ ಬಳಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ, "ಮುಚ್ಚಾಕ್ತಾವ್ರೆ ಕಣ್ಲಾ. ಯಾರೋ ದೊಡ್ಡೋರು ಫೋನ್ ಮಾಡಿರ್ಬೇಕು."

ಅವಳಿಗೆ ಅಳು ಬರುವಂತಾಯಿತು. ಸುಳ್ಳನ್ನು ನಂಬಿದವರು ನಿಜವನ್ನು ಯಾಕೆ ನಂಬುವುದಿಲ್ಲ?

ವಿಷಯ ಕೇಳಿ ನಸೀಮ್ ಬಾನು ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ಇನ್ನೂ ನೂರೈವತ್ತು ಚೀಲ ಇದಾವೆ. ಅಷ್ಟೂ ಹೊಲಿಗೆ ಬಿಚ್ಚಿ ಮತ್ತೆ ಹೊಲೀಬೇಕಾ? ಹೆಚ್ಚಾಗಿದ್ದಕ್ಕೆ? ಇದ್ಯಾವ ಸೀಮೆ ಕಾನೂನು ಅಕ್ಕ? ಒಂದ್ಕೆಲಸ ಮಾಡೋಣ, ನಮ್ಮ ಮನೆಯವ್ರ ಮೆಕ್ಯಾನಿಕ್ ಅಂಗಡಿ ಇಲ್ಲೇ ಪಕ್ಕದ ರಸ್ತೇಲಿ. ಇವತ್ತು ರಜ. ಶಟರ್ ಎಳ್ಕೊಂಡು ಒಳಗೆ ಕೂತು ಮಾಡಿಬಿಡೋಣ, ಯಾರಿಗೂ ಕಾಣಲ್ಲ."

"ಇಲ್ಲೇ ಮಾಡಬೇಕಂತೆ."

"ಇಲ್ಲೇನಾ? ಈ ಜನದ ಮಧ್ಯೆನಾ?"

ಅದೇ ಪ್ರಶ್ನೆ ಚಿಕ್ಕಗೌರಮ್ಮನನ್ನೂ ಕೊರೆಯುತ್ತಿತ್ತು. ತೂಕ ಹೊಡೆದಳು ಅಂತ ಆಗಲೇ ಕಿಬ್ಬನಹಳ್ಳಿವರೆಗೆ ಹಬ್ಬಿದೆ. ಈಗ ನಟ್ಟನಡು ಮಧ್ಯಾಹ್ನ, ಸಾವಿರ ಜನರ ಕಣ್ಣೆದುರು, ಒಂದೊಂದು ಚೀಲ ಬಿಚ್ಚಿ ಒಂದೊಂದು ಹಿಡಿ ಈಚೆಗೆ ತೆಗೆದರೆ? ನೋಡಿದವರು ಏನು ಹೇಳುತ್ತಾರೆ ಅಂತ ಯೋಚಿಸುವುದೇ ಬೇಡ. ಊರ ಬಾಯಿಗೆ ಬೀಗ ಹಾಕುವವರು ಯಾರು? ಇಷ್ಟು ವರ್ಷ ಸಂಪಾದಿಸಿದ ಹೆಸರು ನೂರೈವತ್ತು ಚೀಲದ ಜೊತೆ ಇವತ್ತೇ ಖಾಲಿ.

ಅವಳು ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು.

"ಬ್ಯಾಡ. ಮುದ್ರೆನೂ ಬ್ಯಾಡ, ಮೈಸೂರ್ನೋರೂ ಬ್ಯಾಡ, ಬುಡು. ಕೊಟ್ಟದ್ದನ್ನ ಕಿತ್ಕಂಡೋಳು ಅಂತ ಅನ್ನಿಸ್ಕಳ್ಳಲಾರೆ. ಗಂಟು ಕಟ್ಟಿ, ಹೋಗಾನ."

ನಸೀಮ್ ಬಾನು ಮೆಷಿನ್ನಿಗೆ ಮುಸುಕು ಹಾಕಲು ಕೈಯೆತ್ತಿದಳು. ಗಿರಿಜಾಂಬಿಕಾ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಗೌರಕ್ಕ."

"ಏನೇ?"

"ಶೆಡ್ಡು ಮುಚ್ಚೋದ್ರೆ ನಾವೇನ್ ಮಾಡಾನ?"

"ಮುಚ್ಚಲ್ಲ ಬುಡೇ. ಏನಾರ ಮಾಡಾನ. ನಾನಿಲ್ವಾ?"

ಗಿರಿಜಾಂಬಿಕಾ ಮಡಿಲಲ್ಲಿದ್ದ ಚೀಲದ ದಾರ ಎಳೆದು ಬೆರಳಿಗೆ ಸುತ್ತಿದಳು. ಆಮೇಲೆ ತಲೆಯೆತ್ತದೆಯೇ ಹೇಳಿದಳು.

"ಯುಗಾದಿ ಹಿಂದಿನ ದಿವ್ಸ ನಾನೊಂದು ಹಿಡಿ ಕೇಳ್ದೆ."

"ಏನ್ ಕೇಳ್ದೆ?"

"ತುರಿ. ಮಗೀಗೆ ಕಾಯೊಬ್ಬಟ್ಟು ಬೇಕು ಅಂತ ಒಂದೇ ಹಟ. ಮನೇಲಿ ಒಂದು ಕಾಯಿಲ್ಲ, ಕೊಬ್ಬರಿ ಇಲ್ಲ. ಒಂದೇ ಒಂದು ಹಿಡಿ ಕೊಡಿ ಗೌರಕ್ಕ, ಕೂಲೀಲಿ ಹಿಡ್ಕಳಿ ಅಂದೆ. ಇದು ತಂಡದ ಮಾಲು, ನೀನೊಬ್ಳು ಕೈ ಹಾಕಿದ್ರೆ ನಾಳೆ ಎಲ್ರೂ ಹಾಕ್ತಾರೆ ಅಂದ್ರಿ."

ಚಿಕ್ಕಗೌರಮ್ಮ ನೆನಪಿಸಿಕೊಳ್ಳಲು ನೋಡಿದಳು. ಯುಗಾದಿಯ ಹಿಂದಿನ ದಿನ. ಶೆಡ್ಡು. ತುರಿಮಣೆಗಳ ಸದ್ದು. ಯಾರೋ ಏನೋ ಕೇಳಿದರು, ತಾನು ಏನೋ ಹೇಳಿದೆ... ಇಲ್ಲ, ಏನೂ ನೆನಪಾಗಲಿಲ್ಲ. ಇಷ್ಟು ಬಿರುಸಾದ ಮಾತು ಆಡಿದವಳಿಗೆ ಅದು ನೆನಪೇ ಇಲ್ಲವೆಂದರೆ!

"ನಂಗೆ ಗ್ಯಾಪ್ಕನೇ ಇಲ್ವಲ್ಲೇ ಗಿರಿಜಾ."

"ನಂಗೈತೆ. ಅವತ್ತು ಸಂಜೆನೂ ನೀವು ಚೀಲಕ್ಕೆ ಒಂದೊಂದು ಹಿಡಿ ಹಾಕಿದ್ರಿ. ಚೀಲದ ಬಾಯಿ ಹಿಡ್ಕಂಡು ನಿಂತಿದ್ದೋಳು ನಾನೇ."

ನಸೀಮ್ ಬಾನು ಮುಸುಕಿನ ಬಟ್ಟೆ ಹಿಡಿದು ಹಾಗೇ ನಿಂತಳು. ಚಿಕ್ಕಗೌರಮ್ಮ ಹಲಗೆ ಹಿಡಿದುಕೊಂಡು ಚಾಪೆಯ ಅಂಚಿಗೆ ಕೂತಳು. ನಾಚಿಕೆಯಾಯಿತು. ಮೈಕಿನಲ್ಲಿ ಕೂಗಿದಾಗ ಆದದ್ದು ನಾಚಿಕೆಯೇ ಅಲ್ಲ ಎನ್ನುವಷ್ಟು ನಾಚಿಕೆಯಾಯಿತು. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಅವಳೇ ಎಷ್ಟು ಜನರನ್ನು ಆಡಿಕೊಂಡಿದ್ದಳೋ! ಕೊಂಡವರೆಲ್ಲ ಚಿಕ್ಕಗೌರಮ್ಮನ ಕೈ ದೊಡ್ಡದು ಅಂದರು, ಇವಳು ಹಿಗ್ಗಿದಳು. ಆ ಕೈಗೆ ತುಂಬಿಕೊಟ್ಟವರ ಹೆಸರನ್ನು ಯಾರೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ಆದರೂ ಅವಳಿಗೆ ಪೂರ್ತಿ ಬಗೆಹರಿಯಲಿಲ್ಲ. ಕೊಟ್ಟದ್ದು ತಪ್ಪೋ, ಕೊಡದೇ ಇದ್ದದ್ದು ತಪ್ಪೋ? ಒಂದೇ ತುರಿ, ಒಂದೇ ಕೈ. ಒಂದು ಕಡೆ ಅದು ಪುಣ್ಯ, ಒಂದು ಕಡೆ ಪಾಪ, ಅದು ಹೇಗೆ?

"ಬ್ಲೇಡು ಕೊಡು ನಸೀಮಾ," ಎಂದಳು.

"ಯಾಕಕ್ಕ?"

"ಹೊಲಿಗೆ ಬಿಚ್ಚಾಕೆ."

ಮಳಿಗೆಯ ಮುಂದೆಯೇ ಬಿಳಿ ಪಂಚೆ ಹಾಸಿದರು. ಕಚೇರಿಯಿಂದ ಸಂತೆಯ ಮೆಷಿನ್ ಬಂತು. ನಸೀಮ್ ಬಾನು ಹೊಲಿಗೆ ಬಿಚ್ಚುವುದು, ಚಿಕ್ಕಗೌರಮ್ಮ ಮೆಷಿನ್ನಿನ ಮೇಲಿಟ್ಟು ಅಂಕಿ ಅರ್ಧ ಕೆಜಿಗೆ ಇಳಿಯುವ ತನಕ ತುರಿ ತೆಗೆದು ಪಂಚೆಯ ಮೇಲೆ ಹಾಕುವುದು, ಗಿರಿಜಾಂಬಿಕಾ ಬಾಯಿ ಮಡಿಸಿ ಮತ್ತೆ ನಸೀಮಳಿಗೆ ಕೊಡುವುದು. ಹತ್ತು ಚೀಲವಾಗುವಷ್ಟರಲ್ಲಿ ಸುತ್ತ ಜನ ನೆರೆದರು.

"ನೋಡ್ರಲಾ, ಚೀಲದಿಂದ ತೆಗೀತಾವ್ರೆ!"

"ಹಾಡುಹಗಲಲ್ಲೇ! ಏನ್ ಧೈರ್ಯ!"

ಒಬ್ಬಳು ಮೊಬೈಲು ಹಿಡಿದು ವಿಡಿಯೋ ಮಾಡಿಕೊಂಡಳು. ಹುಚ್ಚರಂಗಯ್ಯ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ಲೊಚಗುಟ್ಟಿದ. "ಏನ್ ಗೌರವ್ವ ಇದು? ಹಾಕಿದ್ದನ್ನ ತೆಗೆಯೋದಾ? ನಮ್ಮೂರ ಮಾನ ಹೋಯ್ತಲ್ಲವ್ವ."

ಇನ್ನೊಂದು ದಿನವಾಗಿದ್ದರೆ ಚಿಕ್ಕಗೌರಮ್ಮ ಅವನ ಜನ್ಮ ಜಾಲಾಡುತ್ತಿದ್ದಳು. ಈಗ ತಲೆಯೆತ್ತಲಿಲ್ಲ. ಒಂದೊಂದು ಹಿಡಿ ತೆಗೆದಾಗಲೂ ಕೈ ಕಚ್ಚಿದಂತಾಗುತ್ತಿತ್ತು. ಹಾಕಿ ಹಾಕಿ ಅಭ್ಯಾಸವಾದ ಕೈ, ತೆಗೆಯಲು ಬರಲಿಲ್ಲ. ಎರಡು ಸಲ ತೆಗೆದದ್ದನ್ನು ಮರೆತು ಮತ್ತೆ ಅದೇ ಚೀಲಕ್ಕೆ ಹಾಕಿದಳು. ಗಿರಿಜಾಂಬಿಕಾ ಮಾತಾಡದೆ ಅಂಕಿ ತೋರಿಸಿದಳು, ಇವಳು ಮತ್ತೆ ತೆಗೆದಳು.

ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಕೊನೆಯ ಚೀಲದ ಹೊಲಿಗೆ ಮುಗಿಯಿತು. ಯೋಗಿತಾ ಬಂದು ಅಲ್ಲೊಂದು ಇಲ್ಲೊಂದು ಆರಿಸಿ ತೂಗಿ ನೋಡಿ, ಚೀಲ ತುಂಬಿದ ಪೆಟ್ಟಿಗೆಗಳ ಮೇಲೆ ಹಸಿರು ಮುದ್ರೆ ಒತ್ತಿದಳು. "ಥ್ಯಾಂಕ್ಸ್ ಅಮ್ಮ. ಕಷ್ಟ ಆಯ್ತು ಅಂತ ಗೊತ್ತು," ಎಂದಳು. ನಸೀಮ್ ಬಾನು "ಅಲ್‌ಹಮ್ದುಲಿಲ್ಲಾ!" ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಳು. ಅಂಗಡಿಯವರು ಕರೆದರು, ನಸೀಮಳೂ ಯೋಗಿತಾಳೂ ಹೋಗಿ ಕೂತರು, ಸ್ವಲ್ಪ ಹೊತ್ತಿಗೆಲ್ಲ ವರ್ಷದ ಮಾತು ಆಯಿತು. ಶೆಡ್ಡು ಉಳಿಯಿತು.

ಚಿಕ್ಕಗೌರಮ್ಮ ಅಲ್ಲಿಗೆ ಹೋಗಲಿಲ್ಲ. ಪಂಚೆಯ ಮೇಲೆ ರಾಶಿಯಾಗಿದ್ದ ತುರಿಯನ್ನೇ ನೋಡುತ್ತ ಕೂತಿದ್ದಳು. ಇಷ್ಟು ದಿನ ಹಿಡಿ ಹಿಡಿಯಾಗಿ ಹೋಗುತ್ತಿದ್ದದ್ದು ಒಟ್ಟಾದರೆ ಇಷ್ಟಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಇದು ಈ ಒಂದು ಸಂತೆಯದು. ಹೋದ ವರ್ಷದ್ದು? ಅದಕ್ಕೂ ಹಿಂದಿನದು? ಯೋಚನೆ ಅಲ್ಲಿಗೇ ನಿಲ್ಲಿಸಿದಳು.

"ಇದನ್ನ ಹನ್ನೊಂದು ಪಾಲು ಮಾಡಾನ ಗಿರಿಜಾ. ಮೊದ್ಲು ನಿಂದು."

ಒಂದು ಖಾಲಿ ಚೀಲ ತೆಗೆದು ಮೆಷಿನ್ನಿನ ಮೇಲಿಟ್ಟಳು. ತುಂಬಿದಳು. ಪಾಲಿಗೆ ಎಷ್ಟು ಬರುತ್ತದೋ ಅಷ್ಟಕ್ಕೆ ಅಂಕಿ ನಿಂತಿತು. ಗಿರಿಜಾಂಬಿಕಾ ಚೀಲ ತೆಗೆದುಕೊಂಡು ಬಾಯಿ ಮಡಿಸಹೋದಳು.

"ತಡಿಯೇ," ಎಂದು ಚಿಕ್ಕಗೌರಮ್ಮ ರಾಶಿಗೆ ಕೈಹಾಕಿ ಇನ್ನೊಂದು ಹಿಡಿ ತುಂಬಿಕೊಂಡಳು. ಇದು ಕೊಸರಲ್ಲ. ಯುಗಾದಿಯ ಹಿಡಿ. ಅವಳ ಕಣ್ಣು ತುಂಬಿಬಂದಿತ್ತು. "ಇದು ನನ್ನ ಪಾಲಿಂದು ಕಣೇ. ಮಗೀಗೆ ಒಬ್ಬಟ್ಟು ಮಾಡ್ಕೊಡು."

ಗಿರಿಜಾಂಬಿಕಾ ಆ ಕೈಯನ್ನೂ ನೋಡಿದಳು, ಮುಖವನ್ನೂ ನೋಡಿದಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಬ್ಯಾಡ ಗೌರಕ್ಕ. ನಂದೆಷ್ಟೋ ಅಷ್ಟೇ ಸಾಕು," ಎಂದು ಚೀಲದ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಮುಚ್ಚಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಆಟೋ ತರಲು ಹೋದ ಗಂಡ ಬಂದನೋ ನೋಡಲು ಗೇಟಿನ ಕಡೆ ಹೊರಟಳು.

ಅದು ಮುನಿಸೋ ನ್ಯಾಯವೋ ಚಿಕ್ಕಗೌರಮ್ಮನಿಗೆ ಗೊತ್ತಾಗಲಿಲ್ಲ. ಹಿಡಿಯಲ್ಲಿ ತುರಿ ಹಾಗೇ ಇತ್ತು. ಅದನ್ನು ಯಾವುದಕ್ಕೆ ಹಾಕಬೇಕೋ ಗೊತ್ತಾಗದೆ ಅವಳು ಬಹಳ ಹೊತ್ತು ಹಾಗೇ ಕೂತಿದ್ದಳು.